ಉತ್ತರ ಕೊಡಬಾರದ ಪ್ರಶ್ನೆ: ಗೀಳುರೋಗದ ಒಂದು ಕಾದಂಬರಿ, ಒಂದು ಕೈಪಿಡಿ

ಜಾನ್ ಗ್ರೀನ್‌ನ 'ಟರ್ಟಲ್ಸ್ ಆಲ್ ದ ವೇ ಡೌನ್' (2017) ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ. ಮೊದಲನೆಯದು ಎಂ.ಎ. ಓದುತ್ತಿದ್ದಾಗ, ಹಾಸ್ಟೆಲ್ಲಿನಲ್ಲಿ, ಒಂದೇ ರಾತ್ರಿಯಲ್ಲಿ. ತುಂಬ ಮೆಚ್ಚಿಕೊಂಡಿದ್ದೆ. ಎರಡನೆಯ ಓದಿನ ಹೊತ್ತಿಗೆ ನನ್ನ ತಮ್ಮನಿಗೆ ಇರುವುದೂ ಅದೇ ಕಾಯಿಲೆ ಎಂದು ಮನೆಯಲ್ಲಿ ಗೊತ್ತಾಗಿ ಆರು ತಿಂಗಳಾಗಿತ್ತು. ಈ ಸಲ ಪುಸ್ತಕದ ಮೇಲೆ ಸಿಟ್ಟು ಬಂತು. ಮೆಚ್ಚಿಕೊಂಡದ್ದೂ ಸುಳ್ಳಲ್ಲ, ಸಿಟ್ಟೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಆ ಕಾದಂಬರಿಯ ಬಗ್ಗೆ ಬರೆಯಲು ನೋಡುತ್ತಿದ್ದೇನೆ. ತಮ್ಮನ ವಿಷಯ ಬರೆಯಲು ಅವನ ಒಪ್ಪಿಗೆ ಇದೆ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ಒಸಿಡಿ ಎಂದು ಎಲ್ಲರೂ ಹೇಳುವ ಈ ಕಾಯಿಲೆಗೆ ಕನ್ನಡದಲ್ಲಿ ಗೀಳುರೋಗ ಎನ್ನುತ್ತೇವೆ. ಈ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಕ್ರಿಕೆಟ್ ಗೀಳು, ಸಿನಿಮಾ ಗೀಳು, ಮೊಬೈಲ್ ಗೀಳು ಎನ್ನುವಾಗ ಆ ಮಾತಿನೊಳಗೆ ಆಸೆ ಇದೆ, ಒಂದಿಷ್ಟು ಸುಖವೂ ಇದೆ. ಈ ಕಾಯಿಲೆಯಲ್ಲಿ ಸುಖದ ಸುಳಿವೇ ಇಲ್ಲ. ಬೇಡದ ಯೋಚನೆಯೊಂದು ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ. ಅದು ಹುಟ್ಟಿಸಿದ ದಿಗಿಲು ಇಳಿಯಬೇಕಾದರೆ ಏನನ್ನಾದರೂ ಮಾಡಲೇಬೇಕು: ತೊಳೆಯಬೇಕು, ಎಣಿಸಬೇಕು, ಮತ್ತೆ ಹೋಗಿ ನೋಡಬೇಕು, ಯಾರನ್ನಾದರೂ ಕೇಳಬೇಕು. ಮಾಡಿದರೆ ದಿಗಿಲು ಇಳಿಯುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಮುಂದಿನ ಸಲ ಇನ್ನಷ್ಟು ಮಾಡಬೇಕಾಗುತ್ತದೆ. ಸಾಲಗಾರನ ಬಡ್ಡಿಯ ಹಾಗೆ. ಇದನ್ನು ಗೀಳು ಎಂದಾಗ ಮನೆಯವರಿಗೆ ತಕ್ಷಣ ಹೊಳೆಯುವ ಪರಿಹಾರ "ಬಿಟ್ಟುಬಿಡು" ಎನ್ನುವುದು. ನಮ್ಮ ಮನೆಯಲ್ಲೂ ಮೊದಲು ಹಾಗೇ ಆಯಿತು.

ಗ್ರೀನ್‌ನ ಕಾದಂಬರಿಯ ಏಜಾ ಹೋಮ್ಸ್‌ಗೆ ಹದಿನಾರು ವರ್ಷ. ಇಂಡಿಯಾನಾಪೊಲಿಸ್ ನಗರದ ಹುಡುಗಿ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ತನ್ನನ್ನು ಕೊಲ್ಲುತ್ತದೆ ಎಂಬ ಭಯ ಅವಳನ್ನು ಬಿಡುವುದಿಲ್ಲ. ಚಿಕ್ಕಂದಿನಿಂದ ಹೆಬ್ಬೆರಳಿನ ಉಗುರನ್ನು ನಡುಬೆರಳಿನ ತುದಿಗೆ ಒತ್ತುವ ಅಭ್ಯಾಸ. ತಾನು ನಿಜವಾಗಿ ಇದ್ದೇನೆ ಎಂದು ಖಾತ್ರಿ ಮಾಡಿಕೊಳ್ಳಲು ಶುರುವಾದದ್ದು. ಒತ್ತಿ ಒತ್ತಿ ಅಲ್ಲಿ ಚರ್ಮ ಜಡ್ಡುಗಟ್ಟಿದೆ. ಈಗ ಅದನ್ನು ಬಿಚ್ಚಿ, ಒತ್ತಿ, ಸ್ಯಾನಿಟೈಸರ್ ಹಚ್ಚಿ, ಹೊಸ ಬ್ಯಾಂಡೇಜ್ ಹಾಕುವುದೇ ದಿನದ ಕೆಲಸ. ಕಾಣೆಯಾದ ಕೋಟ್ಯಧಿಪತಿಯೊಬ್ಬನನ್ನು ಹುಡುಕುವ ಪತ್ತೇದಾರಿ ಕಥೆಯೂ ಜೊತೆಗಿದೆ, ಅವನ ಮಗನೊಂದಿಗಿನ ಪ್ರೀತಿಯೂ ಇದೆ. ಎರಡೂ ತೆಳು. ಓದುಗರನ್ನು ಹಿಡಿದು ಕೂರಿಸುವುದು ಏಜಾಳ ತಲೆಯೊಳಗೆ ನಡೆಯುವ ವಾದ. ಅವಳ ಯೋಚನೆ ಓರೆ ಅಕ್ಷರಗಳಲ್ಲಿ ಬರುತ್ತದೆ, ಅವಳಿಗೇ ಎದುರು ಮಾತಾಡುತ್ತದೆ, ಬೆದರಿಸುತ್ತದೆ, ಲಾಯರಿನ ಹಾಗೆ ಪಾಯಿಂಟು ಹಾಕುತ್ತದೆ. ಸ್ಯಾನಿಟೈಸರ್ ಕುಡಿಯುವ ಆಸ್ಪತ್ರೆಯ ಭಾಗದಲ್ಲಿ ಆ ಎರಡು ದನಿಗಳ ನಡುವೆ ಸಿಕ್ಕಿಕೊಂಡ ಓದುಗರಿಗೂ ಉಸಿರು ಕಟ್ಟುತ್ತದೆ. ಗ್ರೀನ್‌ಗೆ ಸ್ವತಃ ಒಸಿಡಿ ಇದೆ, ಅದನ್ನು ಅವನು ಬಹಿರಂಗವಾಗಿಯೇ ಹೇಳಿದ್ದಾನೆ. ಕಾಯಿಲೆಯನ್ನು ಒಳಗಿನಿಂದ ತೋರಿಸುವ ಮಟ್ಟಿಗೆ ಈ ಪುಸ್ತಕವನ್ನು ಮೀರಿಸಿದ ಕಾದಂಬರಿಯನ್ನು ನಾನು ಓದಿಲ್ಲ.

ಶೀರ್ಷಿಕೆಯಲ್ಲಿರುವ ಆಮೆಗಳ ಬಗ್ಗೆ ಒಂದು ಮಾತು. ಭೂಮಿ ಆಮೆಯ ಮೇಲೆ ನಿಂತಿದ್ದರೆ ಆ ಆಮೆ ಯಾವುದರ ಮೇಲೆ ನಿಂತಿದೆ ಎಂದು ವಿಜ್ಞಾನಿ ಕೇಳುತ್ತಾನೆ. ಇನ್ನೊಂದು ಆಮೆಯ ಮೇಲೆ, ಕೆಳತನಕ ಆಮೆಗಳೇ ಎಂದು ಅಜ್ಜಿ ಉತ್ತರ ಕೊಡುತ್ತಾಳೆ. ಪಶ್ಚಿಮದವರು ಹಿಂದಿನಿಂದ ಇದನ್ನು ಭಾರತೀಯರ ತಲೆಗೆ ಕಟ್ಟಿ ಹೇಳುತ್ತ ಬಂದ ನಗೆಮಾತು. ಕೂರ್ಮಾವತಾರದ ಕಥೆ ಕೇಳಿ ಬೆಳೆದ ನಮಗೆ ಒಂದೇ ಆಮೆ ಸಾಕಾಗಿತ್ತು, ಅದರ ಕೆಳಗೇನಿದೆ ಎಂದು ಯಾರೂ ಕೇಳಿರಲಿಲ್ಲ. ಏಜಾಳಿಗೆ ಮಾತ್ರ ಕೇಳದೆ ಇರಲಾಗದು. ನನ್ನ ಯೋಚನೆ ನನ್ನದಲ್ಲದಿದ್ದರೆ ನಾನು ಯಾರು? ಮಾತ್ರೆ ತೆಗೆದುಕೊಂಡು ನಾನು ನಾನಾಗುವುದಾದರೆ ಆ 'ನಾನು' ಎಲ್ಲಿತ್ತು? ಪ್ರಶ್ನೆಯ ಕೆಳಗೆ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗೆ ಇವು ಆಕರ್ಷಕ ಪ್ರಶ್ನೆಗಳು. ನಾನು ಮೊದಲ ಓದಿನಲ್ಲಿ ಪುಟದ ಅಂಚಿನ ತುಂಬ ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಇಂಥ ಕಡೆಯೇ.

ಎರಡನೆಯ ಓದಿನಲ್ಲಿ ಸಿಟ್ಟು ಬಂದದ್ದು ಡಾಕ್ಟರ್ ಕರೆನ್ ಸಿಂಗ್ ಅವರ ಕೋಣೆಯಲ್ಲಿ. ಅವರು ಏಜಾಳ ಮನೋವೈದ್ಯೆ. ಒಳ್ಳೆಯವರು, ತಾಳ್ಮೆಯವರು. ಆದರೆ ಆ ಕೋಣೆಯಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಮಾತು: ಸ್ವಂತಿಕೆಯ ಬಗ್ಗೆ, ರೂಪಕಗಳ ಬಗ್ಗೆ, ನೋವಿಗೆ ಭಾಷೆ ಸಾಲದು ಎಂಬುದರ ಬಗ್ಗೆ. ಏಜಾ ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಆ ವಿಷಯದಲ್ಲಿ ಸುಳ್ಳೂ ಹೇಳುತ್ತಾಳೆ. ವೈದ್ಯೆ ಅವಳ ಪಕ್ಕದಲ್ಲಿ ಕೂತು, "ಈ ಬ್ಯಾಂಡೇಜನ್ನು ಇನ್ನು ಹತ್ತು ನಿಮಿಷ ಬಿಚ್ಚುವುದು ಬೇಡ, ನಾನೂ ಇಲ್ಲೇ ಇರುತ್ತೇನೆ" ಎನ್ನುವ ಬಗೆಯ ಅಭ್ಯಾಸ ಕಾದಂಬರಿಯ ಮುಖ್ಯ ದೃಶ್ಯವಾಗುವುದೇ ಇಲ್ಲ. ಈ ಕಾಯಿಲೆಗೆ ಮಕ್ಕಳಲ್ಲಿ ಹೆಚ್ಚು ಫಲ ಕೊಟ್ಟಿರುವ ಮಾತಿನ ಚಿಕಿತ್ಸೆಯ ತಿರುಳು ಇರುವುದೇ ಆ ಹತ್ತು ನಿಮಿಷದಲ್ಲಿ.

ಅದರ ಮೂಲ 1966ರದು. ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ಮೇಲೆ ನಡೆಸಿದ ಚಿಕಿತ್ಸೆಯನ್ನು ವರದಿ ಮಾಡಿದ. ಅವರು ಹೆದರುವ ವಸ್ತುವಿನ ಎದುರು ಅವರನ್ನು ಇಟ್ಟು, ಮಾಡಲೇಬೇಕೆನಿಸುವ ಕೆಲಸವನ್ನು ಮಾಡದಂತೆ ತಡೆದ. ತೊಳೆಯಲು ಬಿಡದಿದ್ದರೂ ರೋಗಿ ಕುಸಿದುಬೀಳಲಿಲ್ಲ. ದಿಗಿಲು ಏರಿತು, ನಿಂತಿತು, ತಾನಾಗಿಯೇ ಇಳಿಯಿತು. ಅಲ್ಲಿಂದ ಬೆಳೆದ ವಿಧಾನವನ್ನು ಮಕ್ಕಳಿಗೆ ಹೊಂದಿಸಿದ ಪುಸ್ತಕಗಳಲ್ಲಿ ಮುಖ್ಯವಾದದ್ದು ಜಾನ್ ಮಾರ್ಚ್ ಮತ್ತು ಕ್ಯಾರೆನ್ ಮುಲ್ ಬರೆದ, 1998ರ 'ಒಸಿಡಿ ಇನ್ ಚಿಲ್ಡ್ರನ್ ಅಂಡ್ ಅಡಾಲಸೆಂಟ್ಸ್'. ಇದು ಚಿಕಿತ್ಸಕರಿಗಾಗಿ ಬರೆದ ಕೈಪಿಡಿ. ಸಾಹಿತ್ಯವಿಮರ್ಶೆಯ ಬರಹದಲ್ಲಿ ಕೈಪಿಡಿಗೇನು ಕೆಲಸ ಎಂದು ಕೇಳಬಹುದು. ಅದರ ಗದ್ಯ ಒಣಗಲು, ನಮೂನೆಗಳು, ಕೋಷ್ಟಕಗಳು, ಭೇಟಿಯಿಂದ ಭೇಟಿಗೆ ಸೂಚನೆಗಳು. ಆದರೂ ಕಥನದ ಬಗ್ಗೆ ಗ್ರೀನ್‌ಗೆ ಗೊತ್ತಿಲ್ಲದ ಒಂದು ಸಂಗತಿ ಈ ಕೈಪಿಡಿಗೆ ಗೊತ್ತಿದೆ ಎಂಬುದು ನನ್ನ ವಾದ.

ಕೈಪಿಡಿಯ ಮೊದಲ ಕೆಲಸಗಳಲ್ಲಿ ಒಂದು ಹೆಸರಿಡುವುದು. ಮಗು ತನ್ನ ಕಾಯಿಲೆಗೆ ತಾನೇ ಒಂದು ಅಡ್ಡಹೆಸರು ಇಡಬೇಕು, ಗೇಲಿಯದ್ದಾದರೂ ಆದೀತು. ಮಗು ಬೇರೆ, ಕಾಯಿಲೆ ಬೇರೆ. ಈ ಯುಕ್ತಿ ಬಂದದ್ದು ಆಸ್ಟ್ರೇಲಿಯಾದ ಮೈಕೇಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್‌ಟನ್ ರೂಪಿಸಿದ ಕಥನ ಚಿಕಿತ್ಸೆಯಿಂದ. ಸಮಸ್ಯೆಯನ್ನು ವ್ಯಕ್ತಿಯಿಂದ ಹೊರಗೆ ತಂದು, ಅದನ್ನೇ ಒಂದು ಪಾತ್ರವಾಗಿ ಮಾಡಿ ಮಾತಾಡಿಸುವುದು ಅವರ ದಾರಿ. ಆಮೇಲೆ ಒಂದು ನಕ್ಷೆ. ಯಾವ ಜಾಗದಲ್ಲಿ ಕಾಯಿಲೆ ಗೆಲ್ಲುತ್ತದೆ, ಎಲ್ಲಿ ಮಗು ಗೆಲ್ಲುತ್ತದೆ, ಎಲ್ಲಿ ಒಮ್ಮೆ ಇವರು ಒಮ್ಮೆ ಅವರು. ಚಿಕಿತ್ಸೆ ನಡೆಯುವುದು ಆ ನಡುವಿನ ಗಡಿಸೀಮೆಯಲ್ಲಿ. ಜೊತೆಗೆ ಭಯಕ್ಕೊಂದು ಥರ್ಮಾಮೀಟರ್. ಎಷ್ಟು ಡಿಗ್ರಿ ಎಂದು ಮಗುವೇ ಹೇಳಬೇಕು. ಯಾವುದನ್ನು ಮೊದಲು ಎದುರಿಸುವುದು ಎಂದು ಆರಿಸುವುದೂ ಮಗುವೇ.

ತಮ್ಮ ಆಗ ಎಂಟನೇ ಕ್ಲಾಸು. ಅಮ್ಮ ಶಿಕ್ಷಕಿ, ದಿನಾ ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗಿಬರುತ್ತಾರೆ. ತಾನು ಹೊಸ್ತಿಲನ್ನು 'ಸರಿಯಾಗಿ' ದಾಟದಿದ್ದರೆ ಅಮ್ಮನ ಬಸ್ಸು ಉರುಳುತ್ತದೆ ಎಂಬುದು ಅವನ ತಲೆಗೆ ಬಂದ ಯೋಚನೆ. ಹೊಸ್ತಿಲು ತುಳಿಯಬಾರದು ಎಂದು ಅಜ್ಜಿ ಎಲ್ಲ ಮೊಮ್ಮಕ್ಕಳಿಗೂ ಹೇಳುತ್ತಿದ್ದದ್ದೇ. ಅವನು ದಾಟುವನು, ಅನುಮಾನ ಬರುವುದು, ವಾಪಸು ಬಂದು ಮತ್ತೆ ದಾಟುವನು. ಹನ್ನೊಂದು ಸಲ, ಕೆಲವು ದಿನ ಅದಕ್ಕೂ ಹೆಚ್ಚು. ಸ್ಕೂಲ್ ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇರುತ್ತಿದ್ದ. ಮೊದಲು ತೋರಿಸಿದ ವೈದ್ಯರು ಓದಿನ ಟೆನ್ಷನ್ ಎಂದರು. ಒಂದು ವರ್ಷ ಹಾಗೇ ಹೋಯಿತು. ಆಮೇಲೆ ಬೆಂಗಳೂರಿನಲ್ಲಿ ಸಿಕ್ಕ ಚಿಕಿತ್ಸಕಿ ಹೆಸರಿಡಲು ಹೇಳಿದಾಗ ಅವನು ಕ್ಷಣವೂ ಯೋಚಿಸದೆ ಹೇಳಿದ್ದು "ಸ್ಕ್ವಾಡ್". ಪರೀಕ್ಷೆಯ ದಿನ ಜೀಪಿನಲ್ಲಿ ಬಂದಿಳಿದು, ಏನೂ ತಪ್ಪು ಮಾಡದವರ ಜೇಬನ್ನೂ ತಡಕುವ ಸ್ಕ್ವಾಡ್. ಸಾಹಿತ್ಯ ಓದಿದ ನನಗೆ ಇಷ್ಟು ಸರಿಯಾದ ರೂಪಕ ಹೊಳೆಯುತ್ತಿರಲಿಲ್ಲ. ಮುಂದಿನ ವಾರದಿಂದ ಮನೆಯಲ್ಲಿ ಮಾತೇ ಬದಲಾಯಿತು. "ಸ್ಕ್ವಾಡ್ ಬಂದಿದೆ ಕಣಕ್ಕಾ" ಎನ್ನುತ್ತಿದ್ದ.

ಏಜಾಳಿಗೆ ಈ ಹೆಸರಿಡುವ ಅವಕಾಶ ಇಲ್ಲ. ಸುರುಳಿ ಎಂಬುದು ಅವಳ ರೂಪಕ: ಒಳಗೊಳಗೇ ಬಿಗಿಯುತ್ತ ಹೋಗುವ, ಕೊನೆಯೇ ಇಲ್ಲದ ಸುರುಳಿ. ಸುಂದರವಾದ ರೂಪಕ, ಆದರೆ ಅದರೊಳಗೆ ನಿಲ್ಲಲು ಜಾಗವಿಲ್ಲ. ಸುರುಳಿಯನ್ನು ಹೊರಗಿನಿಂದ ನೋಡುವವರು ಯಾರು? ಗೆಳತಿ ಡೇಸಿ ಬರೆಯುವ ಸ್ಟಾರ್ ವಾರ್ಸ್ ಅಭಿಮಾನಿ ಕಥೆಗಳಲ್ಲಿ ಏಜಾಳನ್ನು ಹೋಲುವ ಅಯಾಲಾ ಎಂಬ ಕಿರಿಕಿರಿಯ ಪಾತ್ರವೊಂದಿದೆ. ಏಜಾ ಅದನ್ನು ಓದಿ ನೊಂದುಕೊಳ್ಳುತ್ತಾಳೆ. ಜೊತೆಗಿರುವವರಿಗೆ ಈ ಕಾಯಿಲೆ ಎಷ್ಟು ಸುಸ್ತು ಮಾಡುತ್ತದೆ ಎಂಬುದನ್ನು ಮುಚ್ಚಿಡದೆ ಹೇಳುವ ಆ ಭಾಗ ಕಾದಂಬರಿಯ ಅತ್ಯಂತ ಪ್ರಾಮಾಣಿಕ ಭಾಗ. ಅಲ್ಲಿ ಹೊರಗಿನ ನೋಟವೊಂದು ಸಿಕ್ಕಿತು, ಆದರೆ ಅದು ಗಾಯ ಮಾಡುವ ನೋಟ. ವಾಸಿ ಮಾಡುವ ಹೊರಗಿನ ನೋಟವೂ ಇರಬಹುದು ಎಂಬ ಸಾಧ್ಯತೆಯನ್ನು ಗ್ರೀನ್ ಬೆಳೆಸುವುದಿಲ್ಲ.

ಇದು ಗ್ರೀನ್ ಒಬ್ಬನ ಕೊರತೆಯಲ್ಲ. ಈ ಕಾಯಿಲೆ ಕಥೆಗೆ ಹೇಳಿಮಾಡಿಸಿದ್ದು, ಅದರ ಚಿಕಿತ್ಸೆ ಕಥೆಗೆ ಒಗ್ಗದ್ದು. ಕಥೆಗೆ ಕಾರಣ ಬೇಕು, ಬಿಡಿಸಬೇಕಾದ ಗಂಟು ಬೇಕು. ಚಿಕಿತ್ಸೆ ಮಾಡುವುದು ಪ್ರಶ್ನೆಯನ್ನು ಹಾಗೇ ಬಿಟ್ಟು ಕೂರುವುದನ್ನು ಕಲಿಸುವ ಕೆಲಸ. ಅದೇ ಅಭ್ಯಾಸ ಹತ್ತು ಸಲ, ನೂರು ಸಲ, ಬೇಸರ ಬರುವ ತನಕ. ನಿಜಕ್ಕೂ ಬೇಸರ ಬರಬೇಕು, ಬೇಸರವೇ ಅಲ್ಲಿ ಗೆಲುವು. ಯಾವ ಕಾದಂಬರಿಕಾರ ತಾನೇ ಅದನ್ನು ಮುನ್ನೂರು ಪುಟ ಬರೆದಾನು? ಡೇವಿಡ್ ಸೆಡಾರಿಸ್‌ನ 'ಎ ಪ್ಲೇಗ್ ಆಫ್ ಟಿಕ್ಸ್' (1997ರ 'ನೇಕೆಡ್' ಸಂಕಲನದಲ್ಲಿದೆ) ಹೆಜ್ಜೆ ಎಣಿಸುವ, ಲೈಟಿನ ಸ್ವಿಚ್ಚುಗಳನ್ನು ನೆಕ್ಕುವ ಹುಡುಗನ ಬಗೆಗಿನ ಪ್ರಬಂಧ. ನಕ್ಕು ನಕ್ಕು ಸಾಕಾಗುತ್ತದೆ. ಅಲ್ಲಿ ಚಿಕಿತ್ಸೆಯ ಮಾತೇ ಇಲ್ಲ; ಕಾಲೇಜಿನಲ್ಲಿ ಸಿಗರೇಟು ಶುರುಮಾಡಿದ ಮೇಲೆ ಚಟಗಳು ಮಾಯವಾದವು ಎಂದು ಮುಗಿಸುತ್ತಾನೆ. ಒಳ್ಳೆಯ ಮುಕ್ತಾಯ, ಯಾರಿಗೂ ಉಪಯೋಗವಿಲ್ಲ.

ಕಾರಣ ಹುಡುಕುವ ಆಸೆಗೆ ದೊಡ್ಡ ಉದಾಹರಣೆ ಫ್ರಾಯ್ಡ್. 1909ರಲ್ಲಿ ಅವನು ಪ್ರಕಟಿಸಿದ 'ಇಲಿ ಮನುಷ್ಯ'ನ ಪ್ರಕರಣವನ್ನು ನಮ್ಮಂಥವರು ಕಾದಂಬರಿಯ ಹಾಗೆ ಓದುತ್ತೇವೆ. ಆ ಯುವಕ ತನ್ನ ಬಾಲ್ಯದ ಬಗ್ಗೆ ಹೇಳುವ ಎರಡು ಮಾತು ನನ್ನನ್ನು ಅಲ್ಲಾಡಿಸಿದವು: ತನ್ನ ಯೋಚನೆಗಳು ಅಪ್ಪ ಅಮ್ಮನಿಗೆ ಗೊತ್ತಾಗುತ್ತವೆ ಎಂದು ಆರರ ವಯಸ್ಸಿನಲ್ಲೇ ಅವನಿಗೆ ಅನಿಸುತ್ತಿತ್ತು, ಕೆಲವು ಯೋಚನೆಗಳನ್ನು ಮಾಡಿದರೆ ಅಪ್ಪ ಸಾಯಬಹುದೆಂಬ ಹೆದರಿಕೆಯಿತ್ತು. ಹೊಸ್ತಿಲ ಬಳಿ ನಿಂತ ತಮ್ಮನೇ ಮಾತಾಡಿದ ಹಾಗಿತ್ತು. ಫ್ರಾಯ್ಡ್ ಪ್ರತಿಯೊಂದು ಯೋಚನೆಗೂ ಅರ್ಥ ಹಚ್ಚುತ್ತಾನೆ, ಅಪ್ಪನ ಸಾಲ, ಇಲಿ, ಹಣ, ಮದುವೆ ಎಲ್ಲವನ್ನೂ ಹೆಣೆಯುತ್ತಾನೆ. ಅದ್ಭುತವಾದ ಹೆಣಿಗೆ. ಆದರೆ ಅರ್ಥ ಹಚ್ಚಿದಷ್ಟೂ ಆ ಯೋಚನೆಗೆ ತೂಕ ಬರುತ್ತದೆ. ಇಂದಿನ ಚಿಕಿತ್ಸೆ ಹೊರಡುವುದು ಇದಕ್ಕೆ ಎದುರು ದಿಕ್ಕಿನಿಂದ: ಅಂಥ ಹುಚ್ಚು ಯೋಚನೆ ಎಲ್ಲರ ತಲೆಗೂ ಬಂದುಹೋಗುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ರಜೆಗೆ ಮನೆಗೆ ಬಂದಾಗ ರಾತ್ರಿ ತಮ್ಮ ನನ್ನ ಪಕ್ಕ ಮಲಗುತ್ತಿದ್ದ. "ಅಕ್ಕಾ, ನಾನು ಹಾಗೆ ಅಂದ್ಕೊಂಡಿದ್ದಕ್ಕೆ ಅಮ್ಮಂಗೆ ಏನಾದ್ರೂ ಆಗುತ್ತಾ?" "ಏನೂ ಆಗಲ್ಲ, ಮಲಗು." "ನಿಜವಾಗ್ಲೂ?" "ನಿಜವಾಗ್ಲೂ." ಐದು ನಿಮಿಷಕ್ಕೆ ಮತ್ತೆ. ನಾನು ಬರೀ ಸಮಾಧಾನ ಹೇಳುತ್ತಿರಲಿಲ್ಲ, ಓದಿದವಳಲ್ಲವೇ, ವಿವರಣೆಯನ್ನೂ ಕೊಡುತ್ತಿದ್ದೆ. ನೀನು ಅಮ್ಮನನ್ನು ತುಂಬ ಹಚ್ಚಿಕೊಂಡಿದ್ದೀಯ, ತಾತ ಹೋದ ಮೇಲೆ ನಿನಗೆ ಸಾವಿನ ಭಯ, ಅದಕ್ಕೇ ಹೀಗೆ ಎಂದು. ಅವನಿಗೆ ಒಂದು ಗಳಿಗೆ ಹಾಯೆನಿಸುತ್ತಿತ್ತು. ಮರುದಿನ ರಾತ್ರಿಗೆ ಆ ವಿವರಣೆಯೂ ಸಾಲದೆ ಹೊಸದು ಬೇಕಾಗುತ್ತಿತ್ತು. ನಾನು ಸ್ಕ್ವಾಡಿಗೆ ಊಟ ಹಾಕುತ್ತಿದ್ದೆ ಎಂದು ಚಿಕಿತ್ಸಕಿ ಹೇಳಿದಾಗ ಮುಖಕ್ಕೆ ಹೊಡೆದ ಹಾಗಾಯಿತು.

ಮನೆಯವರು ಹೀಗೆ ಕಾಯಿಲೆಯ ಜೊತೆ ಸೇರಿಕೊಳ್ಳುವುದು ಎಲ್ಲ ಕಡೆಯ ಕಥೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಮಕ್ಕಳ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ 1989ರಲ್ಲಿ 'ದ ಬಾಯ್ ಹೂ ಕುಡ್‌ನಾಟ್ ಸ್ಟಾಪ್ ವಾಷಿಂಗ್' ಬರೆದು ಈ ಕಾಯಿಲೆಯನ್ನು ಜನರ ಮಾತಿಗೆ ತಂದರು. ಅವರು ವರ್ಣಿಸುವ ಚಾರ್ಲ್ಸ್ ಎಂಬ ಹದಿನಾಲ್ಕರ ಹುಡುಗನಿಗೆ ಮೈಗೆ ಅಂಟು ಅಂಟಿಕೊಂಡಿದೆ ಎಂಬ ಭಯ, ಗಂಟೆಗಟ್ಟಲೆ ಸ್ನಾನ. ಅವನ ತಾಯಿ ಮೊದಲು ತಡೆದು ನೋಡಿ, ಆಮೇಲೆ ಅವನ ಸಂಕಟ ನೋಡಲಾಗದೆ ಅವನು ಮುಟ್ಟುವ ವಸ್ತುಗಳನ್ನೆಲ್ಲ ಆಲ್ಕೋಹಾಲಿನಿಂದ ತಾನೇ ಒರೆಸತೊಡಗುತ್ತಾಳೆ. ಆ ತಾಯಿ ನನಗೆ ಅರ್ಥವಾಗುತ್ತಾಳೆ. ರಾಪೊಪೋರ್ಟ್ ಅವರ ಪುಸ್ತಕದ ಸಮಸ್ಯೆ ಬೇರೆ. ಅಲ್ಲಿ ಕ್ಲೊಮಿಪ್ರಮಿನ್ ಎಂಬ ಔಷಧ ಹಳೆಯ ನಾಟಕದ ಕೊನೆಗೆ ಇಳಿದುಬರುವ ದೇವರ ಹಾಗೆ ಬರುತ್ತದೆ. ಅದು ಆ ಕಾಲಕ್ಕೆ ದೊಡ್ಡ ಸುದ್ದಿಯೇ, ಒಪ್ಪುತ್ತೇನೆ. ಪ್ರಕರಣಗಳನ್ನು ಹೇಳುವ ಶೈಲಿ ಮಾತ್ರ ಆ ಸುದ್ದಿಯ ಉತ್ಸಾಹದಲ್ಲಿ ಓಡುತ್ತದೆ.

ಎಷ್ಟು ಮಕ್ಕಳು ವಾಸಿಯಾಗುತ್ತಾರೆ ಎಂಬ ಪ್ರಶ್ನೆಗೆ ಕಥೆಗಳಿಗಿಂತ ಲೆಕ್ಕ ಹೆಚ್ಚು ಪ್ರಾಮಾಣಿಕ. 2004ರಲ್ಲಿ ಮಾರ್ಚ್ ಮತ್ತಿತರರು ಪ್ರಕಟಿಸಿದ ಅಧ್ಯಯನದಲ್ಲಿ 7ರಿಂದ 17 ವರ್ಷದ 112 ಮಕ್ಕಳಿದ್ದರು, ಅವಧಿ 12 ವಾರ. ಸರ್ಟ್ರಲೀನ್ ಮಾತ್ರೆ ಮತ್ತು ವರ್ತನಾ ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಕಾಯಿಲೆ ಹತೋಟಿಗೆ ಬಂದದ್ದು ಶೇ. 53.6 ಮಂದಿಗೆ, ಬರೀ ವರ್ತನಾ ಚಿಕಿತ್ಸೆಯಲ್ಲಿ ಶೇ. 39.3, ಬರೀ ಮಾತ್ರೆಯಲ್ಲಿ ಶೇ. 21.4, ಹುಸಿಮಾತ್ರೆಯಲ್ಲಿ ಶೇ. 3.6. ಅಂದರೆ ಎರಡನ್ನೂ ಕೊಟ್ಟರೂ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಆ 12 ವಾರ ಸಾಲಲಿಲ್ಲ. ಕೈಪಿಡಿಯ ಉತ್ಸಾಹದ ಬಗ್ಗೆ ನನ್ನ ಅನುಮಾನ ಇಲ್ಲಿದೆ. ಅದರ ಭಾಷೆ ಯುದ್ಧದ್ದು: ಗಡಿ, ದಾಳಿ, ಕಾಯಿಲೆಗೆ ಎದುರುತ್ತರ ಕೊಟ್ಟು ಬಾಯಿ ಮುಚ್ಚಿಸುವುದು. ಗೆಲ್ಲದ ಮಗು ತಾನು ಸರಿಯಾಗಿ ಹೋರಾಡಲಿಲ್ಲ ಎಂದುಕೊಂಡರೆ? ತಪ್ಪಿತಸ್ಥ ಭಾವನೆಯೇ ಮೇವಾಗಿರುವ ಕಾಯಿಲೆಯಲ್ಲಿ ಇದು ಸಣ್ಣ ಅಪಾಯವಲ್ಲ. ತಮ್ಮನೂ ಒಂದು ಕೆಟ್ಟ ವಾರದ ಕೊನೆಗೆ "ನಾನು ಫೇಲು" ಎಂದು ಅತ್ತಿದ್ದ.

ಕೈಪಿಡಿಗೆ ಗೊತ್ತಿಲ್ಲದ ಇನ್ನೊಂದು ವಸ್ತು ನಮ್ಮ ಹೊಸ್ತಿಲು. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಪದಗಳಿರುವ ಭಾಷೆಯಲ್ಲಿ ಶುದ್ಧದ ಭಯಕ್ಕೆ ಮೊದಲೇ ಒಂದು ವ್ಯಾಕರಣ ಸಿದ್ಧವಾಗಿದೆ. ಮಡಿಯ ಅತಿರೇಕವನ್ನು ನಮ್ಮ ಸಾಹಿತ್ಯ ಕಂಡಿದೆ, ಆದರೆ ಹಾಸ್ಯವಾಗಿ ಅಥವಾ ಜಾತಿಯ ಕ್ರೌರ್ಯವಾಗಿ. ಅದರ ಮರೆಯಲ್ಲಿ ಒಂದು ಮಗು ನರಳುತ್ತಿರಬಹುದು ಎಂದು ನೋಡುವ ಅಭ್ಯಾಸ ನಮಗೆ ಕಡಿಮೆ. ತಮ್ಮನ ಅಭ್ಯಾಸದ ಪಟ್ಟಿಯಲ್ಲಿ ಹೊಸ್ತಿಲನ್ನು ಬೇಕೆಂದೇ ತುಳಿದು ಹಿಂತಿರುಗಿ ನೋಡದೆ ಹೋಗುವುದು ಬಂದಾಗ ಅಜ್ಜಿ ಮುಖ ಸಪ್ಪೆ ಮಾಡಿಕೊಂಡರು. ಲಕ್ಷ್ಮಿ ಇರುವ ಜಾಗ. ಚಿಕಿತ್ಸಕಿ ತುಳಿಯುವ ಮಾತನ್ನು ಅಲ್ಲಿಗೇ ಬಿಟ್ಟು ಅವನನ್ನು ಕೇಳಿದರಂತೆ: "ಅಜ್ಜಿ ಹೊಸ್ತಿಲು ಎಷ್ಟು ಸಲ ದಾಟ್ತಾರೆ?" "ಒಂದು ಸಲ." "ಹಾಗಾದ್ರೆ ಒಂದು ಸಲ ದಾಟೋದು ಅಜ್ಜೀದು. ಉಳಿದ ಹತ್ತು ಯಾರ್ದು?" ಪದ್ಧತಿಗೂ ಕಾಯಿಲೆಗೂ ನಡುವಿನ ಗೆರೆಯನ್ನು ಇಷ್ಟು ಸರಳವಾಗಿ ಎಳೆಯಬಹುದೆಂದು ನಾನು ಯಾವ ಸಿದ್ಧಾಂತದ ಪುಸ್ತಕದಲ್ಲೂ ಓದಿರಲಿಲ್ಲ. ಅಭ್ಯಾಸ ಬದಲಾಯಿತು: ಒಂದೇ ಸಲ ದಾಟುವುದು, ಸರಿಯಾಯಿತೋ ಇಲ್ಲವೋ ಎಂದು ತಿಳಿಯದೆಯೇ ವ್ಯಾನ್ ಹತ್ತುವುದು. ಮೊದಲ ದಿನ ಥರ್ಮಾಮೀಟರಿನಲ್ಲಿ ಒಂಬತ್ತು ಎಂದ. ನನಗೆ ಕೊಟ್ಟ ಕೆಲಸ ರಾತ್ರಿಯದು: ಅವನು ಕೇಳಿದಾಗ "ಇದು ಸ್ಕ್ವಾಡ್ ಕೇಳ್ತಿರೋ ಪ್ರಶ್ನೆ, ನನಗೆ ಉತ್ತರ ಗೊತ್ತಿಲ್ಲ, ನಿನ್ನ ಜೊತೆ ಇರ್ತೀನಿ" ಎನ್ನುವುದು. ನನ್ನ ಥರ್ಮಾಮೀಟರನ್ನು ಯಾರೂ ಕೇಳಲಿಲ್ಲ.

ಗ್ರೀನ್ ಪರವಾಗಿಯೂ ಒಂದು ಮಾತು ಉಳಿದಿದೆ. ಅವನ ಕೊನೆಯ ಪುಟಗಳು ರಾಪೊಪೋರ್ಟ್ ಅವರ ಪ್ರಕರಣಗಳ ಹಾಗೆ ಮುಗಿಯುವುದಿಲ್ಲ. ಏಜಾ ಮುಂದೆ ದೊಡ್ಡವಳಾಗುತ್ತಾಳೆ, ಮಕ್ಕಳಾಗುತ್ತವೆ, ಮತ್ತೆ ಕಾಯಿಲೆ ಹೆಚ್ಚಾಗಿ ಆಸ್ಪತ್ರೆ ಸೇರುತ್ತಾಳೆ, ಮತ್ತೆ ಸುಧಾರಿಸುತ್ತಾಳೆ ಎಂಬುದನ್ನು ಮುಂಗಾಣ್ಕೆಯಾಗಿ ಹೇಳಿಬಿಡುತ್ತಾನೆ. ನಡೆದದ್ದನ್ನು ಬರೆ ಎಂದು ಮುಂದೆಂದೋ ಒಬ್ಬ ವೈದ್ಯರು ಹೇಳಿದ್ದರಿಂದಲೇ ಈ ಕಥೆ ಹುಟ್ಟಿತೆಂಬ ಸೂಚನೆಯೂ ಅಲ್ಲಿದೆ. ಕೈಪಿಡಿ ಕೂಡ ಕೊನೆಯ ಭೇಟಿಗಳಲ್ಲಿ ಕಾಯಿಲೆ ಮರುಕಳಿಸುವ ಮಾತನ್ನೇ ಎತ್ತುತ್ತದೆ. ಆ ಒಂದು ವಿಷಯದಲ್ಲಿ ಕಾದಂಬರಿಯೂ ಕೈಪಿಡಿಯೂ ಪಕ್ಕಪಕ್ಕ ಕೂರುತ್ತವೆ, ಮೊದಲ ಓದಿನಲ್ಲಿ ನಾನದನ್ನು ನಿರಾಶೆ ಎಂದು ಓದಿಕೊಂಡಿದ್ದೆ.

ತಮ್ಮ ಈಗ ಡಿಗ್ರಿ ಓದುತ್ತಿದ್ದಾನೆ. ಮಾತ್ರೆ ಇದೆ, ಪ್ರಮಾಣ ಕಡಿಮೆಯಾಗಿದೆ. ಪಿಯುಸಿ ಪರೀಕ್ಷೆ ಹೊತ್ತಿಗೆ ಸ್ಕ್ವಾಡ್ ಎರಡು ತಿಂಗಳು ಬಂದು ಹೋಯಿತು. ಈ ಬರಹಕ್ಕಾಗಿ ಕಾದಂಬರಿ ತೆಗೆದಾಗ, ಓದುತ್ತೀಯಾ ಎಂದು ಅವನಿಗೆ ಕೊಟ್ಟೆ. ಒಂದು ಕಾಲದಲ್ಲಿ ಪುಸ್ತಕದ ಒಂದು ಸಾಲು ತಪ್ಪಿದರೂ ಅಧ್ಯಾಯವನ್ನು ಮೊದಲಿನಿಂದ ಓದುತ್ತಿದ್ದವನು. ವಾರ ಬಿಟ್ಟು ವಾಪಸು ತಂದುಕೊಟ್ಟ. ನೂರಿಪ್ಪತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿತ್ತು.

"ಮುಗಿಸಲಿಲ್ವೇನೋ?"

"ಇಲ್ಲ ಕಣಕ್ಕಾ. ಬೋರಾಯ್ತು."